ದಿನಾ ದೇಶ ಬಿಡುವವನು

ಬಾಯಲ್ಲಿ ದೇಶ ಬಿಡುವುದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಆ ಲೆಕ್ಕದಲ್ಲಿ ನಾನು ಬಹಳ ವರ್ಷಗಳಿಂದ ದಿನವೂ ಬೆಳಿಗ್ಗೆ ದೇಶ ಬಿಟ್ಟು, ಮಧ್ಯಾಹ್ನ ಮುದ್ದೆ ಊಟದ ಹೊತ್ತಿಗೆ ಸರಿಯಾಗಿ ವಾಪಸು ಬರುತ್ತಿದ್ದೆ. ಮಧುಗಿರಿಯಲ್ಲಿ ಸರ್ಕಾರಿ ಕಚೇರಿಗಳ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಶಿರಾ, ಕೊರಟಗೆರೆ, ಪಾವಗಡದ ಜನವೂ ದೊಡ್ಡ ಸಾಹೇಬರನ್ನು ನೋಡಲು ಇಲ್ಲಿಗೇ ಬರಬೇಕು. ಬಡವನಹಳ್ಳಿ ಕಡೆಯ ಅಜ್ಜಿಯೊಬ್ಬಳು ತಾನಿನ್ನೂ ಬದುಕಿದ್ದೇನೆಂದು ರುಜುವಾತು ಮಾಡಲು ಮತ್ತೆ ಮತ್ತೆ ಕಾಗದ ಹಿಡಿದು ಬಂದರೆ ನನ್ನ ಪಿತ್ತ ನೆತ್ತಿಗೇರುತ್ತದೆ. ಜೆರಾಕ್ಸ್ ಮಾಡಿ ಕಾಸು ಇಸಿದುಕೊಂಡು, ಪಕ್ಕದ ಈರಣ್ಣನ ಹೋಟೆಲಿಗೆ ಹೋಗಿ ಗುಡುಗುತ್ತೇನೆ: “ಥೂ! ಈ ಸರ್ಕಾರದ ಕೈಕೆಳಗೆ ಬದುಕೋದಕ್ಕಿಂತ ಪರದೇಶಕ್ಕೆ ಹೋಗಿ ಕಸ ಗುಡಿಸೋದು ವಾಸಿ!” ಈರಣ್ಣ ಲೋಟ ತೊಳೆಯುತ್ತಲೇ, “ಓಗೋಕ್ ಮುಂಚೆ ಟೀ ಕುಡ್ಕಂಡು ಓಗಣ್ಣೋ” ಎನ್ನುತ್ತಾನೆ. ಸರ್ಕಾರ ನೆಟ್ಟಗಾದ ದಿನವೇ ನನ್ನ ಅಂಗಡಿಯ ಬಾಗಿಲು ಮುಚ್ಚುತ್ತದೆ ಎಂಬ ಸಂಗತಿಯನ್ನು ನಾನು ಅವನಿಗೂ ಹೇಳಿಲ್ಲ, ನನಗೂ ಹೇಳಿಕೊಂಡಿಲ್ಲ.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂದು ನಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ನನ್ನ ಈ ಭಾಷಣ ಮನೆಯಲ್ಲೂ ನಡೆಯುತ್ತಿತ್ತು, ಕೇಳುವವಳು ಹೆಂಡತಿ ಗಿರಿಜ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸು. ಪ್ರತಿ ಮಾರ್ಚಿಗೆ ಅವಳ ಕೆಲಸ ಹೋಗುತ್ತದೆ, ಏಪ್ರಿಲಿನಲ್ಲಿ ಮತ್ತೆ ಹುಟ್ಟುತ್ತದೆ. ಆದರೂ ಸರ್ಕಾರದ ಬಗ್ಗೆ ಅವಳು ಒಂದು ಮಾತು ಆಡಿದವಳಲ್ಲ. ಸಂಜೆ ಹೊತ್ತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಧಾರಾವಾಹಿ ನೋಡುತ್ತಾಳೆ ಪಾಪ ಎಂದುಕೊಂಡಿದ್ದೆ. ಅವಳು ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಳು! ಒಂದು ದಿನ ಮುದ್ದೆಗೆ ಸಾರು ಬಿಡುತ್ತಾ, “ರೀ, ಐರ್ಲೆಂಡ್‌ನಲ್ಲಿ ಕೆಲಸ ಸಿಕ್ತು. ಇಬ್ರೂ ಹೋಗ್ಬೋದಂತೆ. ನೀವೂ ಪಾಸ್‌ಪೋರ್ಟ್ ಮಾಡಿಸ್ಬಿಡಿ” ಎಂದಳು. “ಯಾಕೆ?” ಎಂದೆ. “ನೀವೇ ಅಲ್ವಾ ದಿನಾ ಹೇಳೋದು?” ಎಂದಳು. ಇನ್ನೊಂದು ಸೌಟು ಸಾರು ಬಿಡು ಎಂದೆ.

ನಿಜ ಹೇಳುತ್ತೇನೆ, ಅಂದಿನಿಂದ ನನ್ನನ್ನು ಹಿಡಿದ ಭಯ ಇನ್ನೂ ಬಿಟ್ಟಿಲ್ಲ. ಪರದೇಶದ ನನ್ನ ಅನುಭವವೆಂದರೆ ಪಾವಗಡದ ಬಸ್ಸು ದಾರಿಯಲ್ಲಿ ಒಂದಿಷ್ಟು ದೂರ ಆಂಧ್ರದೊಳಗೆ ಹೋಗಿ ಬರುವುದು, ಅಷ್ಟೇ. ಆ ಒಂದಿಷ್ಟು ದೂರಕ್ಕೇ ಮನೆಗೆ ಎರಡು ಸಲ ಫೋನ್ ಮಾಡುತ್ತೇನೆ. ಚಳಿಗೆ ಹೆದರಿದೆ, ಇಂಗ್ಲಿಷಿಗೆ ಹೆದರಿದೆ, ರಾಗಿ ಸಿಗದ ಊರಿಗೆ ಹೆದರಿದೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು, ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಇಟ್ಟು ಮಣ್ಣು ಮಾಡುವುದು. ನಮ್ಮಪ್ಪ, ತಾತ ಎಲ್ಲರೂ ಬೆಟ್ಟದ ತಪ್ಪಲಿನ ನಮ್ಮ ತೋಟದಲ್ಲಿ ಸಾಲಾಗಿ ಕೂತಿದ್ದಾರೆ. ಆ ದೇಶದಲ್ಲಿ ನಾನು ಸತ್ತರೆ? ಮಲಗಿಸಿಬಿಡುತ್ತಾರಲ್ಲ! ಹುಟ್ಟಿದಾಗಿನಿಂದ ಕೂತು ಮಾತಾಡಿದ್ದು ಬಿಟ್ಟು ಬೇರೇನೂ ಮಾಡದ ನನ್ನನ್ನು!

ನಾನೇ ಆಡಿದ ಮಾತಿಗೆ ಕಟ್ಟುಬಿದ್ದು ಅರ್ಜಿ ಹಾಕಿದ ಮೇಲೆ ಪೊಲೀಸರು ವಿಚಾರಣೆಗೆ ಬರುತ್ತಾರೆಂದು ಗೊತ್ತಾಯಿತು. ನಾನು ಇಷ್ಟು ವರ್ಷ ಸರ್ಕಾರದ ಮೇಲೆ ಕಾರಿದ್ದೆಲ್ಲ ಹೊರಗೆ ಬಂದು, ಒಳಗೆ ಹಾಕಿಬಿಟ್ಟರೆ ಎಂದು ಮೊದಲು ನಡುಗಿದೆ. ಆಮೇಲೆ, ಅದೆಲ್ಲ ಹೊರಬಂದರೆ ಪಾಸ್‌ಪೋರ್ಟ್ ಸಿಗುವುದಿಲ್ಲವಲ್ಲ ಎಂಬ ಆಸೆ ಚಿಗುರಿತು. ಪಾವಗಡ ಕಡೆಯ ಕಾನ್‌ಸ್ಟೇಬಲ್ ಒಬ್ಬರು ಬಂದು ನೇರವಾಗಿ ಈರಣ್ಣನ ಹೋಟೆಲಿನಲ್ಲಿ ಕೂತರು. ನಾನು ಅಂಗಡಿಯೊಳಗಿಂದಲೇ ಕಿವಿಗೊಟ್ಟೆ.

“ಈ ಜೆರಾಕ್ಸ್ ರೇಣಣ್ಣ ಎಂಥೋರು? ಗೌರ್ಮೆಂಟ್ ಮ್ಯಾಲೆ ಏನಾರಾ ಮಾತಾಡ್ತಾರಾ?”

ಈರಣ್ಣ ಒಂದು ಕ್ಷಣವೂ ತಡೆಯಲಿಲ್ಲ. “ಅಯ್ಯೋ ಬುಡಿ ಸಾ! ಬಾಯ್ಗೆ ಬೆರಳಿಟ್ರೆ ಕಚ್ಚಕ್ಕೂ ಬರಲ್ಲ ಅವ್ರಿಗೆ. ಗೌರ್ಮೆಂಟ್ ಅಂದ್ರೆ ಕೈ ಮುಗೀತಾರೆ!”

ಪಕ್ಕದ ದಿನಸಿ ಅಂಗಡಿಯವರೂ ಹಾಗೆಯೇ ಹೇಳಿದರು. ನನ್ನನ್ನು ಉಳಿಸಬೇಕೆಂಬ ಪ್ರೀತಿ ಅವರದು. ಆದರೆ ಊರೇ ಕೇಳಿದ ನನ್ನ ಗುಡುಗು ಹೀಗೆ ನಿಂತ ನಿಲುವಿನಲ್ಲಿ ಇಲ್ಲವಾಗಿಬಿಟ್ಟಿತಲ್ಲ, ಅಳು ಬಂತು. ಕಾನ್‌ಸ್ಟೇಬಲ್ ನನ್ನ ಮುಂದೆ ಬಂದು ನಿಂತು, “ಯಾಕ್ ಸಾರ್ ಓಗ್ತಿರೋದು?” ಎಂದರು. ಸರ್ಕಾರವನ್ನು ಬೈದು ಪಾಸ್‌ಪೋರ್ಟ್ ತಪ್ಪಿಸಿಕೊಳ್ಳಲು ಸಿಕ್ಕಿದ ಅವಕಾಶವೆಂದರೆ ಇದೇ. ಬಾಯಿ ತೆರೆದೆ. “ಸುಮ್ನೆ ಸಾರ್... ದೇಶ ನೋಡೋಣ ಅಂತ” ಎಂದೆ. ಉತ್ತರನ ಪೌರುಷ ಒಲೆಯ ಮುಂದೆ.

ಡ್ಯೂಟಿ ಮುಗಿಸಿ ಬಂದ ಗಿರಿಜ ಅವರ ಹಿಂದೆಯೇ ನಿಂತಿದ್ದಳು. ಬ್ಯಾಗು ಕೆಳಗಿಡದೆ ಹೇಳಿದಳು: “ಅದಕ್ಕಲ್ಲ ಸರ್. ಪ್ರತಿ ವರ್ಷ ನನ್ನ ಕೆಲಸದಿಂದ ತೆಗೀತಾರೆ, ಮತ್ತೆ ಸೇರಿಸ್ಕೋತಾರೆ. ಬಂದ ಬಂದ ಸರ್ಕಾರಗಳೆಲ್ಲಾ ಕಾಯಂ ಮಾಡ್ತೀವಿ ಅಂತ ಹೇಳಿದ್ವು. ನಂಬಿ ನಂಬಿ ಸಾಕಾಯ್ತು, ಅದಕ್ಕೇ ಹೋಗ್ತಿದೀವಿ. ಹಂಗೇ ಬರ್ಕೊಳ್ಳಿ.”

ಕಾನ್‌ಸ್ಟೇಬಲ್ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ದನಿ ತಗ್ಗಿಸಿ, ತಮ್ಮ ಕಡೆಯ ತೆಲುಗು ಬೆರೆಸಿ, “ಅಂತೇ ಅಕ್ಕ, ಅಂತೇ... ನಮ್ದೂ ಅಷ್ಟೇ ಪಾಡು. ಅಲ್ಲಿ ಪೊಲೀಸ್ನೋರ್ಗೆ ಹಬ್ಬಕ್ಕೆ ರಜಾ ಕೊಡ್ತಾರಂತಾ?” ಎಂದು ಕೇಳಿದರು.

ಪಾಸ್‌ಪೋರ್ಟ್ ಬಂದೇಬಿಟ್ಟಿತು. ನಮ್ಮ ಕಚೇರಿಗಳಿಂದ ಒಂದು ಕಾಗದ ಇಷ್ಟು ಬೇಗ ಬಂದದ್ದನ್ನು ನಾನು ನೋಡಿದ್ದೇ ಇಲ್ಲ, ಅದೂ ಬೇಡವೆಂದು ಬೇಡಿಕೊಂಡಾಗ! ಕೊನೆಯ ಉಪಾಯವೆಂದು ಮನೆಯಲ್ಲಿ ಸರ್ಕಾರವನ್ನು ಹೊಗಳಲು ಶುರುಮಾಡಿದೆ. “ನೋಡು ಕಣೇ, ಏನೇ ಅನ್ನು, ನಮ್ಮೋರೂ ರಸ್ತೆ ಚೆನ್ನಾಗಿ ಮಾಡಿಸ್ತಿದಾರೆ.”

“ಒಳ್ಳೇದಾಯ್ತು,” ಎಂದಳು, “ಏರ್‌ಪೋರ್ಟಿಗೆ ಬೇಗ ಹೋಗ್ಬೋದು.”

ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಕೂತಿದ್ದ ಕುರ್ಚಿಯಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ: ತೋಟ, ಅಪ್ಪನ ಪಕ್ಕದ ಖಾಲಿ ಜಾಗ, ಅಲ್ಲಿ ನನ್ನನ್ನು ಯಾರು ಕೂರಿಸುತ್ತಾರೆ ಎಂಬ ದಿಗಿಲು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟಳು.

“ನಂಗೂ ಭಯ ಆಗತ್ತೆ ರೀ. ಒಬ್ಬಳೇ ಹೋಗು ಅಂದ್ರೆ ಹೋಗ್ತೀನಿ, ಆದ್ರೆ ಅಲ್ಲಿ ಒಬ್ಬಳೇ ಇರೋಕೆ ಆಗಲ್ಲ ಅನ್ಸತ್ತೆ. ಸತ್ತ ಮೇಲೆ ಕೂರೋ ಮಾತು ಆಮೇಲಿರ್ಲಿ. ಬದುಕಿರೋವಾಗ ಒಂದ್ಸಲ ಎದ್ದು ನಿಂತ್ಕೊಳ್ಳಿ.”

ಎದ್ದೆ. ಅಟ್ಟದ ಮೇಲಿದ್ದ ನಮ್ಮ ಮದುವೆಯ ಸೂಟ್‌ಕೇಸ್ ಇಳಿಸಲು ಸ್ಟೂಲು ಹತ್ತಿದೆ. ಕಾಲು ಗಡಗಡ ನಡುಗಿ ಸ್ಟೂಲು ಅಲ್ಲಾಡಿತು. “ಥೂ! ಸರ್ಕಾರಿ ಮಳಿಗೆಯಲ್ಲಿ ತಂದ ಸ್ಟೂಲು ಇನ್ನು ಹೆಂಗಿರತ್ತೆ!” ಎಂದು ಬೈದೆ. ಗಿರಿಜ ಸ್ಟೂಲನ್ನು ಹಿಡಿದುಕೊಳ್ಳಲಿಲ್ಲ, ನನ್ನ ಕಾಲನ್ನು ಹಿಡಿದುಕೊಂಡಳು. ನಡುಗುತ್ತಿದ್ದುದು ಯಾವುದೆಂದು ಅವಳಿಗೆ ಮೊದಲೇ ಗೊತ್ತಿತ್ತು.