ಕ್ಯೋಟೋಗೆ ಒಂದೇ ಟಿಕೆಟ್

ಒಬ್ಬಳೇ ಇರುವವಳು ಹೊಸದಾಗಿ ಏನಾದರೂ ಮಾಡಲು ಹೊರಟರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ತೊಂಬತ್ತರ ದಶಕದಲ್ಲಿ ನಾನು ಅಮೆರಿಕದ ಗೈದರ್ಸ್‌ಬರ್ಗಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ನಲವತ್ತು ದಾಟಿತ್ತು. ಪ್ರತಿ ವರ್ಷ ರಜೆ ಸುಮ್ಮನೆ ಹಾಳಾಗುತ್ತಿತ್ತು. ಲ್ಯಾಬಿನ ಕ್ಯಾಲೆಂಡರಿನಲ್ಲಿ ಜಪಾನಿನ ಕ್ಯೋಟೋದ ಒಂದು ಹಳೆಯ ದೇಗುಲದ ಚಿತ್ರವಿತ್ತು. ಈ ಸಲ ಅಲ್ಲಿಗೆ ಹೋಗೇ ಬಿಡುವುದು ಎಂದುಕೊಂಡೆ.

೧. ಪಕ್ಕದ ಸೀಟು

ಟ್ರಾವೆಲ್ ಏಜೆಂಟ್ ಕೇಳಿದ, "ಎಷ್ಟು ಜನ?"

"ಒಬ್ಬಳೇ."

"ಸರಿ, ಮಿಕ್ಕವರು ಯಾವಾಗ ಕನ್ಫರ್ಮ್ ಮಾಡ್ತಾರೆ?"

"ಮಿಕ್ಕವರು ಯಾರೂ ಇಲ್ಲ."

ಸ್ವಲ್ಪ ಹೊತ್ತು ಟೈಪ್ ಮಾಡಿದ. "ಹಾಗಾದ್ರೆ ಪಕ್ಕದಲ್ಲಿ ಬೇರೆ ಯಾರಾದ್ರೂ ಕೂತ್ರೆ ಪರವಾಗಿಲ್ವಾ?"

"ದಯವಿಟ್ಟು ಕೂರಿಸಿ" ಅಂದೆ.

೨. ನಮ್ಮವರು

ಮೈಸೂರಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಜಪಾನಾ? ಅಲ್ಲಿ ನಮ್ಮವರು ಯಾರಿದ್ದಾರೆ?"

"ಯಾರೂ ಇಲ್ಲ. ಸುಮ್ಮನೆ ನೋಡೋಕೆ."

"ಯಾರನ್ನ?"

"ದೇವಸ್ಥಾನ ಕಣೇ."

"ಹಾಗನ್ನು ಮತ್ತೆ! ನನ್ನ ಹೆಸರಲ್ಲೂ ಒಂದು ಅರ್ಚನೆ ಮಾಡಿಸ್ಬಿಡು."

೩. ಊಟ

ಕ್ಯೋಟೋದಲ್ಲಿ ಇಳಿದುಕೊಳ್ಳಬೇಕಿದ್ದ ಚಿಕ್ಕ ವಸತಿಗೃಹಕ್ಕೆ ಫೋನ್ ಮಾಡಿದೆ. ಅದರ ಯಜಮಾನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಮಾಂಸ ಬೇಡ, ಮೀನು ಬೇಡ, ಮೊಟ್ಟೆಯೂ ಬೇಡ ಎಂದು ನಿಧಾನವಾಗಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಆಕೆ ಬಹಳ ಮೃದುವಾಗಿ ಕೇಳಿದರು, "ಹುಷಾರಿಲ್ವಾ?"

ನನ್ನ ಆರೋಗ್ಯವನ್ನು ಯಾರಾದರೂ ವಿಚಾರಿಸಿ ತುಂಬಾ ದಿನವಾಗಿತ್ತು. ಚೆನ್ನಾಗಿದ್ದೀನಿ ಅನ್ನಲು ಮನಸ್ಸು ಬರಲಿಲ್ಲ. "ಸ್ವಲ್ಪ" ಅಂದೆ. ಅಲ್ಲಿಗೆ ಹೋದ ಮೇಲೆ ದಿನಾ ಬೆಳಗ್ಗೆ ಗಂಜಿಯೇ ಸಿಕ್ಕಿತು.

೪. ಆತ

ಹೊರಡುವ ಮುಂಚೆ ಲೈಬ್ರರಿಯಿಂದ ಜಪಾನಿ ಭಾಷೆ ಕಲಿಸುವ ಕ್ಯಾಸೆಟ್ ತಂದಿದ್ದೆ. ಅದರಲ್ಲೊಬ್ಬ ಗಂಡಸು ಪ್ರಶ್ನೆ ಕೇಳಿ, ನಾನು ಉತ್ತರ ಹೇಳುವವರೆಗೆ ಸುಮ್ಮನಿರುತ್ತಿದ್ದ. "ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ?" ಎನ್ನುವನು. "ನಾನೊಬ್ಬಳೇ" ಎನ್ನುವೆ. "ಹೌದಾ! ತುಂಬಾ ಸಂತೋಷ!" ಎನ್ನುವನು. ಆದರೂ ಸಂಜೆಯಾದರೆ ಆ ದನಿಗೆ ಕಾಯುತ್ತಿದ್ದೆ.

ಒಂದು ಸಂಜೆ ಪಕ್ಕದ ಅಪಾರ್ಟ್‌ಮೆಂಟಿನ ಬೆಂಗಳೂರಿನ ಆಂಟಿ ದೊಡ್ಡ ಡಬ್ಬಿ ತುಂಬ ಬಿಸಿಬೇಳೆಬಾತ್ ಹಿಡಿದು ಬಂದರು. "ಇಬ್ಬರಿಗೂ ಸಾಕಾಗುತ್ತೆ" ಎನ್ನುತ್ತಾ ಒಳಗೆಲ್ಲ ಇಣುಕಿದರು. "ದಿನಾ ಗೋಡೆಯಾಚೆ ಮಾತು ಕೇಳಿಸುತ್ತೆ. ಯಾರಮ್ಮ ಅವರು? ಅಂಕಲ್‌ಗೆ ಹೇಳಿಲ್ಲ. ಒಳ್ಳೆಯವರು ತಾನೇ?"

ನಾಚಿಕೊಂಡು ಟೇಪ್ ರೆಕಾರ್ಡರ್ ತೋರಿಸಿ ಗುಂಡಿ ಒತ್ತಿದೆ. ಆತ ಏನೋ ಕೇಳಿ ಸುಮ್ಮನಾದ.

ಆಂಟಿ ಸೋಫಾದಲ್ಲಿ ಕೂತು ಪೂರ್ತಿ ಪಾಠ ಕೇಳಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು:

"ಇರಲಿ ಬಿಡು. ನಿಮ್ಮ ಅಂಕಲ್‌ಗಿಂತ ವಾಸಿ. ನೀನು ಹೇಳೋದನ್ನ ಪೂರ್ತಿ ಹೇಳೋಕಾದ್ರೂ ಬಿಡ್ತಾನೆ."