ತಪ್ಪು ನನ್ನದೇ ಅಂತ ಬರ್ಕೊಳ್ಳಿ!

ಇಡೀ ಸೈಗಾನಿನಲ್ಲಿ ಬೈಕಿನ ವಿಮೆ ಎಂದರೇನೆಂದು ತಿಳಿದ ಗಂಡಸು ತಾನೊಬ್ಬನೇ ಎಂದು ಲಾಮ್ ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಓಣಿಯ ಬಾಯಲ್ಲಿರುವ ಕಾಫಿ ಅಂಗಡಿಯ ಮೋಟು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು. ಘೋಷಣೆ ಮಾಡುವವನು ಎತ್ತರದಲ್ಲಿ ನಿಂತಿರಬೇಕೆಂದು ಎಲ್ಲಿಯೂ ಬರೆದಿಲ್ಲವಲ್ಲ! ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೇ ಅವನು ಗುಡುಗಿದ.

"ನೀವೆಲ್ಲ ಕತ್ತೆಗಳು! ವರ್ಷ ವರ್ಷ ಪೆಟ್ರೋಲ್ ಬಂಕಿನ ಮುಂದೆ ಕೊಡೆ ಬಿಚ್ಕೊಂಡು ಕೂತಿರೋ ಹೆಂಗಸಿನ ಹತ್ರ ಆ ಚೀಟಿ ಕೊಂಡ್ಕೊಳ್ತೀರಿ. ಯಾಕೆ? ಪೊಲೀಸು ಕೈ ಅಡ್ಡ ಹಾಕಿದ್ರೆ ತೋರ್ಸೋಕೆ! ಅದರಲ್ಲಿ ಏನು ಬರ್ದಿದೆ ಅಂತ ಒಬ್ಬನಾದ್ರೂ ಓದಿದೀರಾ?"

"ನಾನು ಓದಿದೀನಪ್ಪ. 'ವಿಮೆ' ಅಂತ ಬರ್ದಿದೆ," ಎಂದ ಅಂಗಡಿಯ ಎಂಟನೆಯಣ್ಣ. ಹುಟ್ಟಿದ ಸರದಿಯೇ ಹೆಸರಾಗಿ ನಿಂತ ಮನುಷ್ಯ. ಮೂವತ್ತು ವರ್ಷದಿಂದ ಓಣಿಗೆ ಕಾಫಿಯನ್ನೂ ಕುಹಕವನ್ನೂ ಅವನೇ ಸರಬರಾಜು ಮಾಡುತ್ತಾ ಬಂದಿದ್ದಾನೆ. "ಆ ಚೀಟಿಯಿಂದ ಈ ಓಣೀಲಿ ಯಾರಿಗಾದ್ರೂ ಒಂದು ಡಾಂಗ್ ದುಡ್ಡು ಬಂದದ್ದುಂಟಾ?"

"ನಮ್ಮ ಷಡ್ಡಕನ ಪಕ್ಕದ ಮನೆಯವನಿಗೆ ಬಂತಂತೆ," ಎಂದ ಇನ್ನೊಬ್ಬ. "ಆದ್ರೆ ಇಸ್ಕೊಳ್ಳೋಕೆ ಅವನು ಇರ್ಲಿಲ್ಲ."

"ನೀವು ಕೇಳಲ್ಲ, ಅದಕ್ಕೆ ಬರಲ್ಲ! ನಾನು ಕೇಳ್ತೀನಿ ನೋಡಿ. ಈ ಓಣೀಲಿ ವಿಮೆ ದುಡ್ಡನ್ನ ಕೈಯಲ್ಲಿ ಹಿಡ್ಕೊಂಡು ಬರೋ ಮೊದಲನೇ ಗಂಡಸು ನಾನೇ!"

ಲಾಮ್‌ನದು ಬರಿಯ ಬಾಯಿಮಾತಲ್ಲ. ಅವನು ವಿಮೆಯನ್ನು ಮೂರು ವಾರ ಆರಿಸಿದವನು! ನಾಲ್ಕು ಕಂಪನಿಗಳ ಕಚೇರಿ ಹತ್ತಿ ಇಳಿದಿದ್ದ. ಕಡ್ಡಾಯ ವಿಮೆಯ ದರ ಸರ್ಕಾರ ಗೊತ್ತು ಮಾಡಿದ್ದು, ನಾಲ್ಕೂ ಕಡೆ ಒಂದೇ. ನಿಯಮಗಳೂ ಒಂದೇ. ಹೆಚ್ಚೇನು, ಎರಡು ಬಟ್ಟಲು ನೂಡಲ್ಸಿನ ದುಡ್ಡು. ಆದರೂ ಮಹಾಶಯ ತನ್ನ ಫೋಟೊಕಾಪಿ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟವನ ಠೀವಿಯಲ್ಲಿ ಓಡಾಡಿದ. ಒಂದೇ ತಕ್ಕಡಿಯ ಒಂದೇ ಅಕ್ಕಿಯನ್ನು ನಾಲ್ಕು ಅಂಗಡಿಯಲ್ಲಿ ಮೂಸಿ ನೋಡಿ, ಕೊನೆಗೆ ಕೆಂಪು ಮೊಹರು ಎಲ್ಲಕ್ಕಿಂತ ದೊಡ್ಡದಾಗಿದ್ದ ಕಂಪನಿಯನ್ನು ಆರಿಸಿದ. ಆಮೇಲೆ ಆ ಚೀಟಿಯನ್ನು ತನ್ನದೇ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿದ. ಬುದ್ಧಿ ಕೆಡದ ಹಾಗೆ ಮಾಡುವ ಯಂತ್ರ ಆ ಅಂಗಡಿಯಲ್ಲಿ ಇರಲಿಲ್ಲ.

ಸೋಮವಾರದ ಘೋಷಣೆ ಮುಗಿಸಿ, ಹನ್ನೊಂದು ಗಂಟೆಗೆ ಅವನು ಮನೆಗೆ ಹೊರಟ. ಆ ಓಣಿಯಲ್ಲಿ ಬೈಕುಗಳು ಬೀದಿಯಲ್ಲಿ ಮಲಗುವುದಿಲ್ಲ. ಹೊಸಿಲಿಗೆ ಒಂದು ಕಬ್ಬಿಣದ ಇಳಿಜಾರು ಹಲಗೆ ಇರುತ್ತದೆ. ಅದನ್ನು ಹತ್ತಿಸಿ ಬೈಕನ್ನು ಸೀದಾ ಮುಂದಿನ ಕೋಣೆಗೆ ತಂದು ಟಿ.ವಿ. ಪಕ್ಕ ನಿಲ್ಲಿಸುತ್ತಾರೆ. ಲಾಮ್‌ನ ಮುಂದಿನ ಕೋಣೆಯಲ್ಲಿ ಟಿ.ವಿ. ಮಾತ್ರವಲ್ಲ, ಅವನ ಅತ್ತೆಯ ಗಾಡಿಯೂ ಇತ್ತು. ಅತ್ತೆಯನ್ನು ಊರೆಲ್ಲ ಐದನೆಯವ್ವ ಎನ್ನುತ್ತದೆ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಐದಕ್ಕೆ ಗಾಡಿ ಹೂಡಿ 'ಹು ತಿಯೂ' ಮಾರುತ್ತಾಳೆ. ಹಂದಿಮೂಳೆಯ ಸಾರಿನ ನೂಡಲ್ಸು. ಮಗಳ ಮದುವೆ, ಮನೆಯ ತಗಡು, ಅಳಿಯನ ಫೋಟೊಕಾಪಿ ಯಂತ್ರದ ಮುಂಗಡ, ಎಲ್ಲವೂ ಆ ಸಾರಿನಿಂದಲೇ ಬಂದದ್ದು.

ಬೈಕಿನ ಇಂಜಿನ್ ಆರಿಸಿ, ತಳ್ಳಿಕೊಂಡು ಒಳಗೆ ತರಬೇಕು. ಇದು ಆ ಮನೆಯ ಕಾನೂನು. ಆದರೆ ವಿಮೆಯುಳ್ಳ ಪುರುಷ ತಳ್ಳುತ್ತಾನೆಯೇ? ಲಾಮ್ ಕುದುರೆ ಏರಿದ ಸೇನಾಪತಿಯ ಹಾಗೆ ಹಲಗೆಯ ಮೇಲೆ ಬೈಕು ನುಗ್ಗಿಸಿದ. ಹಲಗೆ ಜಾರಿತು, ಕೈ ಎಕ್ಸಲರೇಟರ್ ತಿರುಚಿತು, ಬೈಕು ಹಾರಿತು!

ಗಾಡಿಯ ಗಾಜಿನ ಪೆಟ್ಟಿಗೆ ಪುಡಿಪುಡಿ. ಒಂದು ಚಕ್ರ ಮುರಿದು ಮಂಚದ ಕೆಳಗೆ ಓಡಿತು. ತಳದಲ್ಲಿ ಉಳಿದಿದ್ದ ಸಾರು, ಬಾಗಿಲ ಪಕ್ಕದ ನೆಲದ ಮೇಲಿನ ಪುಟ್ಟ ಗುಡಿಯಲ್ಲಿ ಕೂತ ಡೊಳ್ಳುಹೊಟ್ಟೆಯ ಭೂದೇವರಿಗೆ ಅಭಿಷೇಕವಾಯಿತು. ಪುಣ್ಯಕ್ಕೆ ಮನುಷ್ಯರಾರಿಗೂ ಪೆಟ್ಟಾಗಲಿಲ್ಲ. ಬೈಕಿನ ಮುಂದಿನ ಮಡ್‌ಗಾರ್ಡ್ ಮಾತ್ರ ಸೊಟ್ಟಗಾಯಿತು.

ಹೆಂಡತಿ ದಿಯೆಪ್ ಅಡುಗೆಮನೆಯಿಂದ ಓಡಿ ಬಂದಳು. "ರೀ! ಏನ್ರೀ ಇದು! ಬಾಗಿಲು ಕಾಣ್ಸಲಿಲ್ವಾ?"

"ಬಾಗಿಲು ಕಾಣಿಸ್ತು ಕಣೇ. ಗಾಡಿ ಕಾಣಿಸ್ಲಿಲ್ಲ."

ಐದನೆಯವ್ವ ಗಾಡಿಯ ಸುತ್ತ ಒಂದು ಸುತ್ತು ಬಂದಳು, ಮುರಿದ ಅಚ್ಚನ್ನು ಸವರಿದಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಳಿಯಂದ್ರೇ, ನಾಳೆ ಬೆಳಿಗ್ಗೆ ಐದಕ್ಕೆ ನನ್ನ ಗಾಡಿ ಓಣೀಲಿ ನಿಂತಿರ್ಬೇಕು. ಹೇಗೆ ನಿಲ್ಲಿಸ್ತೀರೋ ನಿಮಗೆ ಬಿಟ್ಟದ್ದು."

ಬೇರೆ ಯಾವ ಗಂಡಸಾದರೂ ಬೆಸುಗೆಯವನನ್ನು ಕರೆಯುತ್ತಿದ್ದ. ಓಣಿಯ ಹಿಂಭಾಗದಲ್ಲೇ ಬೆಸುಗೆ ಅಂಗಡಿಯಿತ್ತು. ಸಂಜೆಯೊಳಗೆ ಗಾಡಿ ಮೊದಲಿನ ಹಾಗೆ ಆಗುತ್ತಿತ್ತು. ಆದರೆ ಲಾಮ್‌ನ ಮುಖದಲ್ಲಿ ಬೆಳಕು ಮೂಡಿತು! ಆ ಬೆಳಕು ಕಂಡಾಗಲೆಲ್ಲ ಹೆಂಡತಿ ತನ್ನ ಓಲೆ ಮುಟ್ಟಿ ನೋಡಿಕೊಳ್ಳುತ್ತಾಳೆ.

"ಅತ್ತೆ, ಇದು ಅಪಘಾತ ಅಲ್ಲ, ಅದೃಷ್ಟ! ನನ್ನ ಬೈಕಿನಿಂದ ಮೂರನೆಯವರಿಗೆ ನಷ್ಟ ಆದ್ರೆ ಕಂಪನಿ ಕೊಡ್ಬೇಕು. ನೀವೇ ಆ ಮೂರನೆಯವರು! ಹಳೇ ಗಾಡಿ ಹೋಯ್ತು ಅನ್ಕೊಳ್ಳಿ, ಸ್ಟೀಲಿನ ಹೊಸ ಗಾಡಿ ಬರತ್ತೆ, ದೀಪದ ಸರ ಸಮೇತ!"

"ನಮ್ಮಿಬ್ಬರ ಮಧ್ಯೆ ಅಮ್ಮನ್ನ ಮೂರನೆಯವರು ಅಂತ ನೀವು ಅನ್ನೋದು ಇವತ್ತೇನು ಹೊಸದಾ?" ಎಂದಳು ದಿಯೆಪ್.

ಲಾಮ್ ಕಂಪನಿಗೆ ಫೋನು ಹಚ್ಚಿದ. ಆ ಕಡೆಯ ಹುಡುಗಿಗೆ ಮೊದಲು ಅರ್ಥವೇ ಆಗಲಿಲ್ಲ. ವಿಮೆ ಕೊಳ್ಳಲು ಫೋನು ಮಾಡಿದವರನ್ನು ಅವಳು ಕಂಡಿದ್ದಳು. ಪರಿಹಾರ ಕೇಳಲು ಮಾಡಿದವನು ಇವನೇ ಮೊದಲಿಗ. ಹಾಳೆ ತಿರುವುವ ಸದ್ದು ಬಹಳ ಹೊತ್ತು ಕೇಳಿಸಿತು.

"ಅಣ್ಣಾ, ಅಪಘಾತ ಆದದ್ದು ಯಾವ ರಸ್ತೇಲಿ?"

"ನಮ್ಮ ಮುಂದಿನ ಕೋಣೇಲಿ."

"ಅದು ಯಾವ ವಾರ್ಡಿನ ರಸ್ತೆ?"

"ರಸ್ತೆ ಅಲ್ಲಮ್ಮ, ಕೋಣೆ! ಟಿ.ವಿ. ಇದೆ, ಮಂಚ ಇದೆ."

"ಅಣ್ಣಾ, ಬೈಕು ರಸ್ತೇಲಿ ಓಡ್ತಿರ್ಬೇಕು. ಪೊಲೀಸರು ಬಂದು ನೋಡಿ, ತಪ್ಪು ನಿಮ್ಮದು ಅಂತ ಬರ್ಕೊಡ್ಬೇಕು. ತಪ್ಪು ನಿಮ್ಮದಾದ್ರೆ ಮಾತ್ರ ನಾವು ಕೊಡೋದು. ಕೋಣೆಗೆಲ್ಲ ಬರಲ್ಲ."

ಫೋನು ಇಟ್ಟ ಲಾಮ್ ಎದ್ದು ಗಾಡಿಯ ಹಿಡಿಗೆ ಕೈ ಹಾಕಿದ. ಅಪಘಾತ ರಸ್ತೆಯಲ್ಲಿ ಆಗಬೇಕಂತೆ. ಆಗಲಿ, ಅದನ್ನೇ ರಸ್ತೆಗೆ ಸಾಗಿಸಿದರಾಯಿತು!

"ರೀ, ಮನೆಯೊಳಗೆ ಆದದ್ದನ್ನ ಬೀದಿಗೆ ತಗೊಂಡು ಹೋಗ್ಬೇಡಿ!" ದಿಯೆಪ್ ಕೈ ಮುಗಿದಳು. "ವೆಲ್ಡಿಂಗಿನವನ್ನ ಕರೀತೀನಿ, ನನ್ನ ಓಲೆ ಬೇಕಾದ್ರೆ ಅಡ ಇಡ್ತೀನಿ."

"ಓಲೆ ಇಡೋ ಕಾಲ ಹೋಯ್ತು ಕಣೇ. ಇದು ವಿಮೆಯ ಕಾಲ!"

ಮೂರು ಚಕ್ರದ ಗಾಡಿ ಓಣಿಯುದ್ದಕ್ಕೂ ಕುಂಟುತ್ತಾ ಹೋಯಿತು. ಮಹಡಿ ಮಹಡಿಯಿಂದ ತಲೆಗಳು ಇಣುಕಿದವು. ಓಣಿಯೂ ರಸ್ತೆಯಲ್ಲ ಎಂದು ಕಂಪನಿ ತಕರಾರು ತೆಗೆಯಬಹುದೆಂದು, ಲಾಮ್ ಅದನ್ನು ದೊಡ್ಡ ರಸ್ತೆಯ ಕಾಲುದಾರಿಯವರೆಗೂ ಎಳೆದ. ಕಾಫಿ ಅಂಗಡಿಯ ಎದುರಿಗೇ ನಿಲ್ಲಿಸಿ, ಬೈಕು ತಂದು ಅದರ ಹೊಟ್ಟೆಗೆ ಒರಗಿಸಿದ. ತಾನು ಪಕ್ಕದಲ್ಲಿ ಮಲಗಿ ನೋಡಿದ. ನೆಲ ಕಾದಿತ್ತು, ಎದ್ದು ಕೂತ.

"ಎಂಟನೆಯಣ್ಣಾ, ನೀನೇ ಸಾಕ್ಷಿ! ನಾನು ಜೋರಾಗಿ ಬಂದು ಗುದ್ದಿದೆ, ತಪ್ಪೆಲ್ಲ ನನ್ನದು. ಅಷ್ಟು ಹೇಳು ಸಾಕು."

"ತಪ್ಪೆಲ್ಲ ನಿನ್ನದು ಅನ್ನೋಕೆ ಸಾಕ್ಷಿ ಬೇಕಾ? ನಿನ್ನ ಮದುವೆ ದಿನದಿಂದ ಅದನ್ನೇ ಹೇಳ್ತಿದೀನಲ್ಲ."

ಚೀಟಿಯ ಹಿಂಬದಿಯ ಇರುವೆ ಅಕ್ಷರವನ್ನೂ ಬಿಡದೆ ಓದಿದ ಈ ಪಂಡಿತನಿಗೆ, ವಾರ್ಡಿನ ಧ್ವನಿವರ್ಧಕ ಒಂದು ವಾರದಿಂದ ಬೆಳಿಗ್ಗೆ ಸಂಜೆ ಕಿವಿ ಕಿತ್ತುಹೋಗುವಂತೆ ಸಾರಿದ್ದು ಮಾತ್ರ ಕೇಳಿಸಿರಲಿಲ್ಲ: ಕಾಲುದಾರಿ ತೆರವು ಕಾರ್ಯಾಚರಣೆ! ಗಾಡಿ, ಮೇಜು, ಸ್ಟೂಲು ಕಂಡಲ್ಲಿ ಜಪ್ತಿ! ಎಂಟನೆಯಣ್ಣ ತನ್ನ ಸ್ಟೂಲುಗಳನ್ನೆಲ್ಲ ಅಂಗಡಿಯ ಎಲ್ಲೆ ತೋರುವ ಹಳದಿ ಗೆರೆಯ ಒಳಗೆ ಎಳೆದುಕೊಂಡಿದ್ದ. ಐದನೆಯವ್ವ ವಾರದಿಂದ ಓಣಿಯ ಒಳಗಡೆಯೇ ವ್ಯಾಪಾರ ಮಾಡುತ್ತಿದ್ದಳು. ಗೆರೆಯ ಆಚೆ, ನಟ್ಟನಡು ಕಾಲುದಾರಿಯಲ್ಲಿ ನಿಂತದ್ದು ಇಡೀ ರಸ್ತೆಗೆ ಅದೊಂದೇ ಗಾಡಿ.

ಲಾಮ್ ಫೋನು ಮಾಡಿದ್ದಕ್ಕೆ ವಾರ್ಡಿನ ಪೊಲೀಸ್ ವಿನ್ ಬಂದ. ಒಬ್ಬನೇ ಬರಲಿಲ್ಲ, ಹಿಂದೆ ಒಂದು ಲಾರಿಯೂ ಬಂತು. ಮೂವತ್ತು ದಾಟದ ವಯಸ್ಸು, ಗರಿಗರಿ ಸಮವಸ್ತ್ರ, ಬಹಳ ಮರ್ಯಾದಸ್ಥ. ಟೇಪು ಹಿಡಿದು ಅಳೆದ, ಹಾಳೆಯ ಮೇಲೆ ಚೌಕ ಬರೆದ, ತಲೆಯಾಡಿಸಿದ.

"ಅಣ್ಣಾ, ನೀವೇನೂ ಹೆದ್ರಬೇಡಿ. ನಿಮ್ಮದೇನೂ ತಪ್ಪಿಲ್ಲ."

ಲಾಮ್ ಚಂಗನೆ ಎದ್ದು ನಿಂತ. "ಹಾಗನ್ಬೇಡಿ ಸಾರ್! ತಪ್ಪು ನನ್ನದೇ!"

"ಕಾಲುದಾರೀಲಿ ಅಡ್ಡ ನಿಂತಿರೋದು ಗಾಡಿ. ನೀವು ಓಣಿಗೆ ತಿರುಗಿದ್ರಿ, ಅದು ಎದುರಾಯ್ತು."

"ನಾನು ಜೋರಾಗಿ ಬಂದೆ ಸಾರ್!"

"ಎಷ್ಟು ಜೋರು?"

"ಅರವತ್ತು! ಎಂಬತ್ತೇ ಇರ್ಬಹುದು!"

"ಇಲ್ಲಣ್ಣ. ಬ್ರೇಕು ಹಾಕಿದ ಗುರುತಿಲ್ಲ, ನೆಲದ ಮೇಲೆ ಒಂದು ಚೂರು ಗಾಜಿಲ್ಲ, ಒಂದು ತೊಟ್ಟು ಸಾರಿಲ್ಲ. ನೀವು ನಡ್ಕೊಂಡು ಬಂದ ಹಾಗೆ ಬಂದಿದೀರ. ಗಾಡಿ ಮೊದಲೇ ಮುರ್ದಿತ್ತು ಅನ್ಸತ್ತೆ."

ಗಾಜು! ಗಾಜೆಲ್ಲ ಮುಂದಿನ ಕೋಣೆಯಲ್ಲಿ ಭೂದೇವರ ಪಾದದಡಿ ಬಿದ್ದಿತ್ತು. ಅಪಘಾತವನ್ನು ಸಾಗಿಸಿದವನು ಅರ್ಧ ಅಪಘಾತವನ್ನು ಮನೆಯಲ್ಲೇ ಮರೆತು ಬಂದಿದ್ದ.

"ಗಾಜು ಊಟಕ್ಕೆ ಹೋಗಿದೆ ಸಾರ್," ಎಂದ ಎಂಟನೆಯಣ್ಣ.

"ಸಾರ್, ನಾನು ಕುಡ್..." ಎಂದು ಲಾಮ್ ಬಾಯಿ ತೆರೆದ. ಗಾಡಿಯ ಬೆನ್ನು ಬಿಡದೆ ಬಂದಿದ್ದ ದಿಯೆಪ್ ಹಿಂದಿನಿಂದ ತೊಡೆಗೆ ಚಿವುಟಿದಳು. ಕುಡಿದೆ ಎಂದರೆ ಬೈಕೂ ಹೋಗುತ್ತದೆ, ವಿಮೆಯೂ ಹೋಗುತ್ತದೆ! "ಕುಡ್... ಕುಡಿಯೋ ನೀರು ಬೇಕಿತ್ತು ಸಾರ್," ಎಂದು ಮುಗಿಸಿದ. ಎಂಟನೆಯಣ್ಣ ನೀರು ತಂದುಕೊಟ್ಟ.

"ಎಂಥ ಒಳ್ಳೆಯವರಣ್ಣ ನೀವು," ಎಂದ ವಿನ್, ನಿಜವಾಗಿಯೂ ಮನಸ್ಸು ಕರಗಿ. "ಎಲ್ಲರೂ ಇನ್ನೊಬ್ಬರ ಮೇಲೆ ಹಾಕ್ತಾರೆ. ನೀವು ಮಾತ್ರ ಎಲ್ಲಾ ಮೈಮೇಲೆ ಎಳ್ಕೋತೀರ. ಆದ್ರೆ ಕಾನೂನು ಕಾನೂನೇ." ಲಾರಿಯವರಿಗೆ ಸನ್ನೆ ಮಾಡಿದ. ಇಬ್ಬರು ಇಳಿದು ಗಾಡಿಯನ್ನು ಎತ್ತಿ ಲಾರಿಗೆ ಹಾಕಿದರು. ಇಪ್ಪತ್ತೆರಡು ವರ್ಷದ ಗಾಡಿ ಸೌದೆಯ ಕಟ್ಟಿನಂತೆ ಬಿತ್ತು.

ಅಷ್ಟು ಹೊತ್ತಿಗೆ ಐದನೆಯವ್ವ ಓಣಿಯಿಂದ ಬಂದು ನಿಂತಿದ್ದಳು. ಲಾರಿಯ ಕಡೆ ನೋಡಿದಳು. ಅಳಿಯನ ಕಡೆ ನೋಡಿದಳು.

"ಗಾಡಿ ನಿಮ್ಮದಾ ಅವ್ವ?" ಎಂದ ವಿನ್. "ದಂಡ ಕಟ್ಟಿ, ವಾರ ಬಿಟ್ಟು ಬಿಡಿಸ್ಕೊಳ್ಳಿ. ಇನ್ನೊಂದಿದೆ. ತಪ್ಪು ಗಾಡಿಯದ್ದು ಅಂತ ಬರ್ದಿದೀನಿ. ಈ ಅಣ್ಣನ ಮಡ್‌ಗಾರ್ಡ್ ಹಾಳಾಗಿದೆಯಲ್ಲ, ಅದರ ಖರ್ಚು ನೀವೇ ಕೊಡ್ಬೇಕು. ಅಣ್ಣಾ, ಇಲ್ಲಿ ಸಹಿ ಹಾಕಿ."

ಈಗಲಾದರೂ ಲಾಮ್ ನಿಜ ಹೇಳಬಹುದಿತ್ತು. "ಸಾರ್, ಇದು ಕೋಣೇಲಿ ಆದದ್ದು, ಈಕೆ ನನ್ನ ಅತ್ತೆ" ಎಂದರೆ ಮುಗಿಯುತ್ತಿತ್ತು. ಆದರೆ ಸುಳ್ಳು ದೂರು ಕೊಟ್ಟವನಿಗೆ ಏನಾಗುತ್ತದೆಂದೂ ಅವನು ಓದಿದ್ದ! ಓದು ಮನುಷ್ಯನನ್ನು ಎಷ್ಟು ಹೇಡಿಯಾಗಿಸುತ್ತದೆ ಎಂಬುದಕ್ಕೆ ಆ ಓಣಿಗೆ ಅಂದು ಒಳ್ಳೆಯ ಉದಾಹರಣೆ ಸಿಕ್ಕಿತು. ಅವನು ಬೆವರು ಒರೆಸಿಕೊಂಡು ಸಹಿ ಹಾಕಿದ. ದಿಯೆಪ್ ನಾಚಿಕೆಯಿಂದ ಬೇರೆ ಕಡೆ ತಿರುಗಿದಳು.

ಐದನೆಯವ್ವ ಹೂವಿನ ಅಂಗಿಯ ಒಳಜೇಬಿಗೆ ಕೈ ಹಾಕಿದಳು. ಬೆಳಗಿನ ವ್ಯಾಪಾರದ ನೋಟುಗಳು ಹೊರಗೆ ಬಂದವು, ಮೆತ್ತಗೆ, ಎಣ್ಣೆ ಹತ್ತಿ. ಇಡೀ ಓಣಿ ನೋಡುತ್ತಿತ್ತು. ಎಂಟನೆಯಣ್ಣ ಕೂಡ ಕಾಫಿ ಸೋಸುವುದನ್ನು ಬಿಟ್ಟು ಹಳದಿ ಗೆರೆಯವರೆಗೆ ಬಂದಿದ್ದ.

"ಬೇಡ ಅತ್ತೆ..." ಎಂದ ಲಾಮ್, ಇರುವೆಗೂ ಕೇಳಿಸದಷ್ಟು ಮೆಲ್ಲಗೆ.

"ಇಸ್ಕೊಳ್ಳಿ ಅಣ್ಣಾ, ನಾನು ನೋಡಿ ಬರ್ಕೋಬೇಕು," ಎಂದು ವಿನ್ ಅವಸರ ಮಾಡಿದ.

ಲಾಮ್ ಎರಡೂ ಕೈ ಚಾಚಿದ. ಐದನೆಯವ್ವ ನೋಟುಗಳನ್ನು ಅವನ ಬೊಗಸೆಯಲ್ಲಿಟ್ಟು, ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿದಳು.

"ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಳ್ಳಿ ಅಳಿಯಂದ್ರೇ. ನಿಮ್ಮ ಕಂಪನಿಯವರಾಗಿದ್ರೆ ತಿಂಗಳುಗಟ್ಟಲೆ ಅಲೆಸ್ತಿದ್ರು. ನಾನು ನೋಡಿ, ನಿಂತ ನಿಲುವಿನಲ್ಲೇ ಕೊಟ್ಟೆ. ಮುಂದಿನ ವರ್ಷದಿಂದ ವಿಮೆ ಕಂತು ನನಗೇ ಕಟ್ಟಿಬಿಡಿ."