ಹಾರ್ಡ್ ಡಿಸ್ಕಿನಲ್ಲಿ ಕಳೆದುಹೋದ ಮಾವನವರು

ಮನೆಯ ಸಾಮಾನುಗಳು ಕೆಡುವುದಕ್ಕೂ ಒಂದು ಮರ್ಯಾದೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮದರಾಸಿನ ಅಣ್ಣಾ ನಗರದ ನಮ್ಮ ಮನೆಯ ಸೀಲಿಂಗ್ ಫ್ಯಾನು ಕೆಡುವುದಕ್ಕೆ ಮುಂಚೆ ಮೂರು ತಿಂಗಳು ಕುತ್ತಿಗೆ ಅಲ್ಲಾಡಿಸಿ ಸೂಚನೆ ಕೊಡುತ್ತದೆ. ಗ್ರೈಂಡರು ಸುಟ್ಟ ವಾಸನೆ ಬಿಟ್ಟು, ದೋಸೆ ಹಿಟ್ಟು ಅರ್ಧ ರುಬ್ಬಿದ ಮೇಲೆ ನಿಲ್ಲುತ್ತದೆ. ಆದರೂ ಮಿಕ್ಕಿದ್ದನ್ನು ಪಕ್ಕದ ಮನೆಯಲ್ಲಿ ರುಬ್ಬಿಕೊಂಡು ಬರಬಹುದು. ತಾನು ಕೆಡುವುದಲ್ಲದೆ ಒಳಗಿದ್ದ ಹಿಟ್ಟನ್ನೂ ನುಂಗಿಕೊಂಡು ಹೋಗುವ ಗ್ರೈಂಡರನ್ನು ನಾನು ಇದುವರೆಗೂ ಕಂಡಿಲ್ಲ. ಕಂಪ್ಯೂಟರು ಮಾಡುವುದು ಅದನ್ನೇ. ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣಕ್ಕೆ ಲೋಕದ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೈಕೊಡುತ್ತವೆ ಎಂದು ಪೇಪರಿನವರು ಹೆದರಿಸಿದ್ದರಲ್ಲ, ಆಗ ನಮ್ಮದು ಕೈಕೊಡಲಿಲ್ಲ. ನಾನು ಎದೆಯ ಮೇಲೆ ಕೈಯಿಟ್ಟು ನಿದ್ದೆ ಮಾಡುವಂತಾಗಲಿ ಎಂದು ಒಂದೂವರೆ ವರ್ಷ ಕಾದು, ಆಮೇಲೆ ಕೈಕೊಟ್ಟಿತು.

ಹೋದದ್ದು ಏನೆಂದು ಹೇಳದೆ ಬೈಯುತ್ತಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಹೋದದ್ದು ನಮ್ಮ ಮಾವನವರ ಜೀವನ. ಅವರು ಪೆರಂಬೂರಿನ ರೈಲು ಬೋಗಿ ಕಟ್ಟುವ ಕಾರ್ಖಾನೆಯಲ್ಲಿ ಮರಗೆಲಸದ ವಿಭಾಗಕ್ಕೆ ಸೇರಿ, ಮೇಸ್ತ್ರಿಯಾಗಿ ನಿವೃತ್ತರಾದವರು. ಮೂಲ ತುಮಕೂರಿನ ಕಡೆ. ಮಗನ ಜೊತೆ ಪೆರಂಬೂರಿನಲ್ಲೇ ಇದ್ದಾರೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರಿಗೆ ತಮ್ಮ ಕಾರ್ಖಾನೆಯ ನೆನಪುಗಳನ್ನು ಬರೆಸಬೇಕೆನಿಸಿತು. ಕೈ ನಡುಗುವುದರಿಂದ ತಾವೇ ಬರೆಯುವಂತಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಚೀಲದಲ್ಲಿ ನುಗ್ಗೆಕಾಯಿ ಇಟ್ಟುಕೊಂಡು ಬರುವರು. ಕಾಫಿ ಕುಡಿದು ನನ್ನ ಪಕ್ಕ ಕೂತು ಹೇಳುವರು, ನಾನು ಕನ್ನಡದಲ್ಲಿ ಟೈಪು ಮಾಡುವೆ. ಹೀಗೆ ಎರಡು ವರ್ಷ. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ನಿವೃತ್ತರೆಲ್ಲ ಸೇರುತ್ತಾರೆ. ಈ ಸಲ ಅಲ್ಲಿ ಅದನ್ನು ಓದಬೇಕೆಂದು ಅವರ ಆಸೆ. ಪ್ರತಿ ವರ್ಷ ಬರುವವರಲ್ಲಿ ಒಂದಿಬ್ಬರು ಕಡಿಮೆಯಾಗುತ್ತಿದ್ದುದರಿಂದ ಅವರಿಗೆ ಆತುರವೂ ಇತ್ತು.

ನನಗೂ ಸಾಹಿತ್ಯದ ಗಂಧ ಸ್ವಲ್ಪ ಉಂಟು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತನಾದರೂ ಇಲ್ಲಿಯ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಎರಡು ಸಲ ಕಾಣಿಸಿಕೊಂಡಿದ್ದೇನೆ. ಆದ್ದರಿಂದ ಮಾವನವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುವ ಪೈಕಿ ನಾನಲ್ಲ. ಅವರದು ಒಂದು ವಿಚಿತ್ರ ಅಭ್ಯಾಸ. ಯಾವ ಪ್ರಸಂಗ ಹೇಳಲಿ, ಅಂದು ಪಾಳಿಯಲ್ಲಿದ್ದವರ ಹಾಜರಿ ತೆಗೆದುಕೊಂಡೇ ಶುರು. ಮುನುಸ್ವಾಮಿ, ಗಫೂರ್, ಡೇವಿಡ್, ಉದ್ದ ಏಳುಮಲೈ, ಗಿಡ್ಡ ಏಳುಮಲೈ ಎಂದು ಹನ್ನೊಂದು ಜನ ಬಂದು ನಿಂತ ಮೇಲೆಯೇ ಬೋಗಿಗೆ ಕಿಟಕಿ ಕೂರುತ್ತಿತ್ತು. ಓದುಗರ ಮೇಲಿನ ದಯೆಯಿಂದ ನಾನು ‘ಮುನುಸ್ವಾಮಿ ಮತ್ತಿತರರು’ ಎಂದು ಹಾಕಿ ಮುಂದೆ ಹೋಗುತ್ತಿದ್ದೆ. ಮೊದಲ ಅಧ್ಯಾಯವನ್ನು ಮಾತ್ರ ಪ್ರಿಂಟು ತೆಗೆದು ಅವರ ಕೈಗೆ ಕೊಟ್ಟಿದ್ದೆ. ಅಷ್ಟರಲ್ಲಿ ಪ್ರಿಂಟರಿನ ರಿಬ್ಬನ್ನು ಮಸುಕಾಯಿತು. ಅವರು ಓದಿ, ಚೆನ್ನಾಗಿದೆ ಎಂದು ಹೇಳಿ, ಮಡಚಿ ಜೇಬಿಗೆ ಇಟ್ಟುಕೊಂಡರು. ನಾನು ಹೊಗಳಿಕೆ ಎಂದೇ ತಿಳಿದೆ.

ಕಂಪ್ಯೂಟರು ಸೂಚನೆ ಕೊಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಭಾನುವಾರ ಅದರ ಹೊಟ್ಟೆಯೊಳಗೆ ಟಕ್ ಟಕ್ ಎಂದು ಸದ್ದು. ಮಾವನವರು ಹೇಳುತ್ತಿದ್ದುದನ್ನು ನಿಲ್ಲಿಸಿ, ಡಬ್ಬಕ್ಕೆ ಕಿವಿಯಿಟ್ಟರು.

“ಅಳಿಯಂದ್ರೇ, ಇದರ ಬೇರಿಂಗ್ ಹೋಗ್ತಾ ಇದೆ ನೋಡಿ. ಓಡಿಸ್ಬೇಡಿ. ಶೆಡ್ಡಿಗೆ ಕಳಿಸಿ” ಎಂದರು.

ನಾನು ನಕ್ಕೆ. ಮಾವಯ್ಯ, ಇದು ರೈಲಲ್ಲ, ಇದರಲ್ಲಿ ಬೇರಿಂಗ್ ಎಲ್ಲಿಂದ ಬರಬೇಕು ಎಂದು ಬುದ್ಧಿ ಹೇಳಿದೆ. ಬುಧವಾರ ಸ್ವಿಚ್ಚು ಹಾಕಿದರೆ ಕಪ್ಪು ತೆರೆಯ ಮೇಲೆ ಬಿಳಿಯ ಒಂದು ಸಾಲು: ಡಿಸ್ಕೇ ಇಲ್ಲವಂತೆ. ಸುತ್ತಿಗೆಯಂತೆ ಬಡಿಯುತ್ತಿದ್ದ ವಸ್ತುವನ್ನು ಇಲ್ಲವೆನ್ನುವ ಯಂತ್ರದ ಧೈರ್ಯಕ್ಕೆ ಏನು ಹೇಳೋಣ. ಆರನೆಯ ಕ್ಲಾಸಿನ ನನ್ನ ಮಗಳು ಬಾಗಿಲಲ್ಲಿ ನಿಂತು, “ಅಪ್ಪಾ, ಬ್ಯಾಕಪ್ ಎಡುಕ್ಕಲೆಯಾ?” ಎಂದಳು. ನಾನು ಕನ್ನಡದಲ್ಲಿ ಬೈದರೂ ಅವಳ ಪ್ರಶ್ನೆ ತಮಿಳಿನಲ್ಲಿ ಹಾಗೇ ಉಳಿಯಿತು. ಬ್ಯಾಕಪ್ ತೆಗೆದಿದ್ದೆ. ಫ್ಲಾಪಿಗಳನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಭದ್ರವಾಗಿ ಇಟ್ಟಿದ್ದೆ. ಮದರಾಸಿನ ಸೆಕೆಗೆ ಅವುಗಳಿಗೆ ಬೂಷ್ಟು ಬಂದಿತ್ತು. ನನ್ನ ಹೆಂಡತಿ ಸರಳಾ ಫ್ಲಾಪಿಯ ಕಡೆ ನೋಡಲೇ ಇಲ್ಲ, ಬೂಷ್ಟು ಸೀರೆಗೆ ತಗುಲಿದೆಯೇ ಎಂದು ನೋಡಿದಳು. ಅವಳಪ್ಪನ ಜೀವನ ಎಂದು ನಾನು ನೆನಪಿಸಿದಾಗ, “ಅಪ್ಪಂಗೆ ನೀವೇ ಹೇಳ್ಕೊಳಿ, ನಾನಂತೂ ಹೇಳಲ್ಲ” ಎಂದಳು.

ಹೋದ ಡಿಸ್ಕಿನಿಂದಲೂ ಫೈಲುಗಳನ್ನು ಹೊರಗೆ ತೆಗೆಯುವವರು ಕಂಪ್ಯೂಟರು ಅಂಗಡಿಗಳ ರಿಚ್ಚಿ ಸ್ಟ್ರೀಟಿನಲ್ಲಿ ಇದ್ದಾರೆಂದು ಆಫೀಸಿನಲ್ಲಿ ಹೇಳಿದರು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಮೂರನೆಯ ಮಹಡಿಯ ಒಂದು ಅಂಗಡಿಯಲ್ಲಿ ಹಣೆಗೆ ವಿಭೂತಿ ಇಟ್ಟ, ಮೆತ್ತಗೆ ಮಾತಾಡುವ ನಡುವಯಸ್ಸಿನ ಗೃಹಸ್ಥ ಅದನ್ನು ಕಿವಿಗೆ ಹಿಡಿದು, ಬೇರಿಂಗ್ ಪೋಚ್ಚು ಸಾರ್, ಎಂದ. ಅಲ್ಲಿಯೂ ಬೇರಿಂಗೇ ಹೋಗಿತ್ತು. ಒಂದೇ ಒಂದು ಸಲ ಓದಿಸಿ ನೋಡಬಹುದು, ಆಮೇಲೆ ಡಿಸ್ಕು ಉಳಿಯುವುದಿಲ್ಲ ಎಂದ. ಒಂದು ಫಾರಂ ಕೊಟ್ಟ. ಒಳಗೆ ಏನಿದೆ ಎಂಬಲ್ಲಿ ‘ಮಾವನವರ ಮರಗೆಲಸದ ನೆನಪುಗಳು, ಕನ್ನಡದಲ್ಲಿ’ ಎಂದು ಬರೆಯಲು ನನಗೆ ನಾಚಿಕೆಯಾಯಿತು. ‘ಅತಿ ಮುಖ್ಯ ದಾಖಲೆಗಳು’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ಕಂಪ್ಯೂಟರು ಶೆಡ್ಡಿಗೆ ಹೋಗಿದೆ ಎಂದಷ್ಟೇ ಮಾವನವರಿಗೆ ಹೇಳಿ ನಡುವಿನ ಭಾನುವಾರಗಳನ್ನು ದಾಟಿಸಿದೆ. ಹತ್ತು ದಿನದ ಮೇಲೆ ಆತ ಒಂದು ಸಿ.ಡಿ. ಕೊಟ್ಟ. ಮನೆಗೆ ತಂದು, ಹೊಸ ಡಿಸ್ಕು ಹಾಕಿಸಿದ್ದ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇನೆ: ನೀರಿನ ಲಾರಿ ಬಾರದ ಬಗ್ಗೆ ನಾನು ಇಂಗ್ಲಿಷಿನಲ್ಲಿ ಬರೆದ ದೂರು ಇತ್ತು. ಅದರ ನೆನಪೋಲೆ, ನೆನಪೋಲೆಯ ನೆನಪೋಲೆ, ಕೆಳಗಿನ ಮನೆಯವರು ಸ್ಕೂಟರು ನಿಲ್ಲಿಸುವ ಬಗ್ಗೆ ನಾಲ್ಕು ಕರಡು ಇದ್ದವು. ಮಗಳ ಮುಂಗಾರಿನ ಪ್ರಾಜೆಕ್ಟು ಒಂದು ಮೋಡವೂ ಕದಲದೆ ಬಂದಿತ್ತು. ಮಾವನವರ ಅರವತ್ತೆಂಟು ಫೈಲುಗಳಲ್ಲಿ ಒಂದೂ ಇರಲಿಲ್ಲ.

ಮಾರನೆಯ ದಿನ ಆಫೀಸಿಗೆ ರಜೆ ಹಾಕಿ ಓಡಿದೆ. ಆತ ಗಾಬರಿಯಾಗಲಿಲ್ಲ. ಎಲ್ಲ ಫೈಲೂ ಸಿಕ್ಕಿದ್ದವಂತೆ, ಒಂದನ್ನೂ ಬಿಡದೆ ತಾನೇ ತೆರೆದು ಪರೀಕ್ಷಿಸಿದನಂತೆ. ಬೇರೆ ಅಂಗಡಿಯವರು ಹಾಗೆ ಮಾಡುವುದಿಲ್ಲ, ಕೆಟ್ಟ ಫೈಲುಗಳನ್ನೂ ಸೇರಿಸಿ ಗಿರಾಕಿಯ ತಲೆಗೆ ಕಟ್ಟುತ್ತಾರೆ ಎಂದ.

“ಅಂದ ಒರು ಫೋಲ್ಡರ್ ಫುಲ್ಲಾ ಕುಪ್ಪೆ ಸಾರ್. ನಾನೇ ಕ್ಲೀನ್ ಪಣ್ಣಿಟ್ಟೇನ್” ಎಂದು ಹೆಮ್ಮೆಯಿಂದ ಹೇಳಿದ.

ಕುಪ್ಪೆ ಎಂದರೆ ಕಸ; ಅದನ್ನು ತಾನೇ ಗುಡಿಸಿ ಹಾಕಿದನಂತೆ. ಆಗಿನ ಕಾಲದಲ್ಲಿ ಕನ್ನಡ ಕಾಣಬೇಕಾದರೆ ಅದರ ಫಾಂಟು ಆ ಕಂಪ್ಯೂಟರಿನಲ್ಲಿ ಇರಬೇಕಿತ್ತು. ಇಲ್ಲದಿದ್ದರೆ ತಲೆಗೆ ಚುಕ್ಕೆ, ಬಾಲಕ್ಕೆ ಕೊಕ್ಕೆ ಹಾಕಿಕೊಂಡ ಯಾವುದೋ ದೇಶದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆತನ ಕಂಪ್ಯೂಟರಿನಲ್ಲಿ ಫಾಂಟು ಇರಲಿಲ್ಲ. ಮಾವನವರ ಕಾರ್ಖಾನೆಯ ಇಪ್ಪತ್ತೈದು ವರ್ಷ ಆತನಿಗೆ ಕೆಟ್ಟ ಫೈಲಾಗಿ ಕಂಡಿತು. ಅದು ಕನ್ನಡ ಅಯ್ಯಾ, ಕನ್ನಡ, ಎಂದೆ. ಆತನ ಮುಖ ಸಪ್ಪಗಾಯಿತು. ಒಂದು ಮಾತು ಫಾರಂನಲ್ಲಿ ಬರೆದಿದ್ದರೆ ಆಗುತ್ತಿತ್ತಲ್ಲ ಸಾರ್ ಎಂದ. ನನ್ನ ಕೋಪ ಇನ್ನೂ ಏರಿತು, ಏಕೆಂದರೆ ಆತ ಹೇಳಿದ್ದು ಸರಿಯಾಗಿತ್ತು. ನಮ್ಮ ಡಿಸ್ಕು ಆ ಒಂದು ಓದಿಗೇ ಪ್ರಾಣ ಬಿಟ್ಟಿತ್ತು. ಆತ ತೆಗೆದಿಟ್ಟುಕೊಂಡಿದ್ದ ಪ್ರತಿಯ ಜಾಗದಲ್ಲಿ ಆಗಲೇ ಇನ್ಯಾರದೋ ಆಫೀಸಿನ ಕಡತಗಳು ಬಂದು ಕೂತಿದ್ದವು.

ಮನೆಗೆ ಬಂದವನೇ ಕಂಪ್ಯೂಟರಿನ ಮುಂದೆ ಕೂತು ಆ ಅಂಗಡಿಗೆ ಒಂದು ಪತ್ರ ಬರೆದೆ. ದೂರು ಬರೆಯುವುದರಲ್ಲಿ ನನಗಿರುವ ಪಳಗಿದ ಕೈ ನಿಮಗೆ ಆಗಲೇ ಗೊತ್ತಾಗಿದೆ. ನಿಮಗೆ ಬೇಡವೆಂದು ತೋರಿದ್ದನ್ನು ಕಸವೆಂದು ತೀರ್ಮಾನಿಸಲು ನೀವು ಯಾರು? ಆ ಸೊತ್ತಿನ ಯಜಮಾನನನ್ನು ಒಂದು ಮಾತು ಕೇಳುವ ಸೌಜನ್ಯ ನಿಮಗಿರಲಿಲ್ಲವೇ? ಒಬ್ಬ ವೃದ್ಧರ ಬಾಳನ್ನು ಹೀಗೆ ಅಳಿಸಿಹಾಕುವಾಗ ನಿಮ್ಮ ಕೈ ತಡೆಯಲಿಲ್ಲವೇ? ಹೀಗೆ ಎರಡು ಪುಟ. ಓದಿಕೊಂಡಾಗ ನನ್ನ ಕಣ್ಣೇ ಒದ್ದೆಯಾಯಿತು. ಸೋಮವಾರ ಅಂಚೆಗೆ ಹಾಕುವುದೆಂದು, ಪ್ರಿಂಟರಿಗೆ ಹೊಸ ರಿಬ್ಬನ್ನು ತಂದು ಹಾಕಿ ಪ್ರಿಂಟು ತೆಗೆದು ಕೀಬೋರ್ಡಿನ ಪಕ್ಕ ಇಟ್ಟೆ.

ನಡುವೆ ಭಾನುವಾರ ಬಂತು, ನುಗ್ಗೆಕಾಯಿಯೊಂದಿಗೆ ಮಾವನವರೂ ಬಂದರು. ಸರಳಾ ಕಾಫಿ ಇಟ್ಟು ಒಳಗೆ ಹೋಗಿಬಿಟ್ಟಳು. ನಾನು ಎಲ್ಲವನ್ನೂ ಹೇಳಿದೆ, ಅಂಗಡಿಯವನನ್ನು ಇನ್ನೊಮ್ಮೆ ಬೈದೆ. ಮಾವನವರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಇಷ್ಟನ್ನೂ ಮತ್ತೆ ಹೇಳುವ ಶಕ್ತಿ ಅವರಿಗೆ ಉಳಿದಿದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅವರು ನಿಧಾನವಾಗಿ ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದು ನನ್ನ ಮುಂದೆ ಹರಡಿದರು. ನಾನು ಕೊಟ್ಟಿದ್ದ ಮೊದಲ ಅಧ್ಯಾಯ. ‘ಮತ್ತಿತರರು’ ಇದ್ದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿ, ಅಂಚಿನಲ್ಲಿ ನಡುಗುವ ಅಕ್ಷರದಲ್ಲಿ ಹೆಸರು ಬರೆದಿದ್ದರು. ಅಂಚಿನಲ್ಲಿ ಜಾಗ ಸಾಲದೆ ಹಾಳೆಯ ಹಿಂದಕ್ಕೂ ಹೋಗಿತ್ತು.

“ಹೋಗಿದ್ದು ಹೋಯ್ತು, ಇನ್ನೊಂದ್ಸಲ ಹೇಳ್ತೀನಿ” ಎಂದರು. “ಆಯುಧಪೂಜೆ ದಿನ ನಾನು ಓದೋದನ್ನ ಕೇಳೋರಿಗೆ ಯಾರಿಗೂ ಕನ್ನಡ ಬರಲ್ಲ. ತಿಳಿಯೋದು ಅವರವರ ಹೆಸರು ಒಂದೇ. ಅದನ್ನೇ ತೆಗೆದುಬಿಟ್ರೆ ಪಾಪ, ಅವರು ಏನು ಕೇಳಿಸ್ಕೋಬೇಕು ಅಳಿಯಂದ್ರೇ?”

ಆಗಲೇ ಹೇಳಬಾರದಿತ್ತೇ ಮಾವಯ್ಯ ಎಂದೆ. ಅಷ್ಟು ಕಷ್ಟಪಟ್ಟು ಟೈಪು ಮಾಡುತ್ತಿದ್ದಿರಿ, ಬೇಜಾರು ಮಾಡಿಕೊಂಡೀರಿ ಎಂದು ಸುಮ್ಮನಿದ್ದೆ ಎಂದರು. ಆಮೇಲೆ ಕನ್ನಡಕ ಏರಿಸಿ, ಕೀಬೋರ್ಡಿನ ಪಕ್ಕ ಇದ್ದ ಪತ್ರ ಏನೆಂದು ಕೇಳಿದರು. ಇಂಗ್ಲಿಷಿನಲ್ಲಿ ಇತ್ತು ಸದ್ಯ, ಅವರಿಗೆ ಅಷ್ಟಾಗಿ ಬರುವುದಿಲ್ಲ. ಏನಿಲ್ಲ, ಕಸ, ಎಂದು ಹೇಳಿ ಅದನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ ಒಂದು ಎಂದು ನಂಬರು ಹಾಕಿ, ಪೆನ್ನು ಹಿಡಿದು ಕೂತೆ. ಮೊದಲು ಕಾಗದದಲ್ಲಿ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಹಾಕುವುದೆಂದು ತೀರ್ಮಾನಿಸಿದ್ದೆ. ಮಾವನವರು ಮುನುಸ್ವಾಮಿಯಿಂದ ಶುರುಮಾಡಿದರು. ಗಿಡ್ಡ ಏಳುಮಲೈ ಬರುವ ಹೊತ್ತಿಗೆ ನನ್ನ ಕೈ ಅಭ್ಯಾಸಬಲದಿಂದ ‘ಮತ್ತಿ’ ಎಂದು ಬರೆದುಬಿಟ್ಟಿತ್ತು. ಅವರು ಜೇಬಿನಿಂದ ತಮ್ಮ ಪೆನ್ಸಿಲ್ಲು ತೆಗೆದು ನನ್ನ ಕಡೆ ಸರಿಸಿದರು.